ಜೀಪಿನ ಎದೆಗೆ ಬೇರೆ ಎಂಜಿನ್

ಕೊಡಚಾದ್ರಿಯ ಏರುದಾರಿಯಲ್ಲಿ, ಮಾಂದಲಪಟ್ಟಿಯ ಕೊರಕಲುಗಳಲ್ಲಿ, ಕಾಫಿ ತೋಟಗಳ ಒಳರಸ್ತೆಗಳಲ್ಲಿ ಏದುಸಿರು ಬಿಡುತ್ತ ಏರುವ ಹಳೆಯ ಜೀಪುಗಳನ್ನು ನೋಡದವರು ವಿರಳ. ಆದರೆ ಅವುಗಳ ಬಾನೆಟ್ ಎತ್ತಿ ನೋಡಿದವರು ಅದಕ್ಕಿಂತ ವಿರಳ. ಎತ್ತಿ ನೋಡಿದರೆ ಅನೇಕ ಜೀಪುಗಳಲ್ಲಿ ಹೊರಗಿನ ಮುಖಕ್ಕೂ ಒಳಗಿನ ಯಂತ್ರಕ್ಕೂ ಹೊಂದಾಣಿಕೆ ಇರುವುದಿಲ್ಲ. ಮುಖ ಅಮೆರಿಕದ ವಿಲ್ಲಿಸ್ ಕಂಪೆನಿಯದು. ಒಳಗಿರುವುದು ಟ್ರ್ಯಾಕ್ಟರ್ ವಂಶದ ಎಂಜಿನ್ನೋ, ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ನೋ ಆಗಿರುತ್ತದೆ.

ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ‘ಎಂಜಿನ್ ಕೂರಿಸುವುದು’ ಎಂದು ಹೆಸರು. ಹಳೆಯದನ್ನು ‘ಇಳಿಸಿ’ ಹೊಸದನ್ನು ‘ಕೂರಿಸುವುದು’. ಮಾತು ಸರಳ, ಕೆಲಸ ಸರಳವಲ್ಲ. ಜೀಪು ಇಷ್ಟು ವರ್ಷ ಬಾಳಿದ್ದು ಈ ಕೆಲಸದಿಂದ. ಈಗ ಅದರ ಭವಿಷ್ಯಕ್ಕೆ ಅಡ್ಡ ನಿಂತಿರುವುದೂ ಇದೇ.

ಬಾನೆಟ್ ಎತ್ತರವಾದ ಕಥೆ

ಎಂಜಿನ್ ಬದಲಾವಣೆ ಮಲೆನಾಡಿನ ಮಿಸ್ತ್ರಿಗಳು ಕಂಡುಹಿಡಿದದ್ದಲ್ಲ. ಜೀಪನ್ನು ಮಾಡಿದವರೇ ಆ ಕೆಲಸವನ್ನು ಮೊದಲು ಮಾಡಿದರು.

ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿದ್ದುದು ‘ಗೋ ಡೆವಿಲ್’ ಎಂಬ ಹೆಸರಿನ, 2.2 ಲೀಟರ್ ಗಾತ್ರದ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಯುದ್ಧಾನಂತರ ಅದೇ ಗಾತ್ರದಲ್ಲಿ ‘ಹರಿಕೇನ್’ ಎಂಬ ಹೆಚ್ಚು ಬಲದ ಎಂಜಿನ್ ಬಂತು. ಅದರಲ್ಲಿ ಗಾಳಿ ಒಳಸೇರುವ ಕವಾಟ ಎಂಜಿನ್ನಿನ ತಲೆಯ ಮೇಲಿತ್ತು. ಹೀಗಾಗಿ ಎಂಜಿನ್ ಎತ್ತರವಾಯಿತು, ಹಳೆಯ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. 1953ರಲ್ಲಿ ವಿಲ್ಲಿಸ್ ಕಂಪೆನಿ ಬಾನೆಟ್ಟನ್ನೇ ಎತ್ತರಿಸಿ ‘ಸಿಜೆ-3ಬಿ’ ಮಾದರಿಯನ್ನು ಹೊರತಂದಿತು. ನಮ್ಮ ದೇಶದಲ್ಲಿ ಪೊಲೀಸರು, ಅರಣ್ಯ ಇಲಾಖೆಯವರು, ತೋಟದವರು ದಶಕಗಳ ಕಾಲ ಓಡಿಸಿದ ಜೀಪಿನ ಎತ್ತರದ ಹಣೆ ಬಂದದ್ದು ಹೀಗೆ. ಅದು ಅಂದಕ್ಕಾಗಿ ಮಾಡಿದ್ದಲ್ಲ, ಹೊಸ ಎಂಜಿನ್ನಿಗೆ ಜಾಗ ಕೊಡಲು ಮಾಡಿದ್ದು.

ಭಾರತದಲ್ಲಿ ಜೀಪುಗಳ ಜೋಡಣೆ 1947ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಮಹೀಂದ್ರ ಸೋದರರು ಮತ್ತು ಗುಲಾಂ ಮಹಮ್ಮದ್ ಸೇರಿ ಕಟ್ಟಿದ್ದ ಸಂಸ್ಥೆ ದೇಶ ವಿಭಜನೆಯ ನಂತರ, 1948ರಲ್ಲಿ, ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಗುಲಾಂ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. ವಿಲ್ಲಿಸ್ ಕಂಪೆನಿಯ ‘ಎಫ್‌ಸಿ-150’ ಎಂಬ ಪಿಕಪ್ಪನ್ನೂ ಮಹೀಂದ್ರ 1965ರಲ್ಲಿ ಇಲ್ಲಿ ಹೊರತಂದಿತು. ಅದಕ್ಕೆ ಉದ್ದನೆಯ ಮೂತಿ ಇರಲಿಲ್ಲ. ಚಾಲಕನ ಕ್ಯಾಬಿನ್ ಎಂಜಿನ್ನಿನ ಮೇಲಕ್ಕೇ ಬಂದಿತ್ತು. ಹಿಂದೆ ಸರಕು ಹೇರುವ ತೊಟ್ಟಿಗೆ ಹೆಚ್ಚು ಜಾಗ ಸಿಗುತ್ತಿತ್ತು. ಗೊಬ್ಬರದ ಮೂಟೆ, ಕಾಫಿ ಚೀಲ, ಮರದ ದಿಮ್ಮಿ ಹೊರುವವರಿಗೆ ಇದು ಹೇಳಿ ಮಾಡಿಸಿದ ಗಾಡಿ.

ಬಲಕ್ಕಲ್ಲ, ಖರ್ಚಿಗೆ

ಜೀಪೂ ಪಿಕಪ್ಪೂ ಮೊದಲು ಕುಡಿಯುತ್ತಿದ್ದುದು ಪೆಟ್ರೋಲನ್ನೇ. 1973ರಲ್ಲಿ ಅರಬ್ ದೇಶಗಳು ತೈಲದ ಕೊಳಾಯಿ ತಿರುಗಿಸಿದಾಗ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು. ನಮ್ಮ ಸರ್ಕಾರದ ದೃಷ್ಟಿಯಲ್ಲಿ ಪೆಟ್ರೋಲ್ ಕಾರುಳ್ಳವರ ಇಂಧನ. ಡೀಸೆಲ್ ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಇಂಧನ. ತೆರಿಗೆಯ ಹೊರೆ ಪೆಟ್ರೋಲಿನ ಮೇಲೆ ಬಿತ್ತು, ಡೀಸೆಲ್ ಅಗ್ಗವಾಗಿ ಉಳಿಯಿತು. ದಿನವಿಡೀ ಲೋ ಗೇರಿನಲ್ಲಿ ತೋಟ ಸುತ್ತುವ ಗಾಡಿಗೆ ಪೆಟ್ರೋಲ್ ಹಾಕಿ ಪೂರೈಸುವುದು ಕಷ್ಟವಾಯಿತು.

ಕಾರ್ಖಾನೆಯೇ ದಾರಿ ತೋರಿಸಿತು. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ 1963ರಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ಕೈಜೋಡಿಸಿದ್ದ ಮಹೀಂದ್ರ, ಆ ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ನನ್ನು 1970ರ ದಶಕದಲ್ಲಿ ಜೀಪಿನೊಳಕ್ಕೆ ತಂದಿತು. 1980ರ ದಶಕದಲ್ಲಿ ಪ್ಯೂಜೊ ಪರವಾನಗಿಯ, 2112 ಸಿ.ಸಿ. ಗಾತ್ರದ ‘ಎಕ್ಸ್‌ಡಿಪಿ 4.90’ ಎಂಜಿನ್ ಬಂತು. ಹೊಸ ಜೀಪು ಕೊಳ್ಳಲಾಗದವರು ತಮ್ಮ ಹಳೆಯ ಪೆಟ್ರೋಲ್ ಜೀಪಿಗೆ ಇಂಥದೇ ಎಂಜಿನ್ ಕೂರಿಸಲು ಗ್ಯಾರೇಜಿನ ಬಾಗಿಲು ತಟ್ಟಿದರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ ಸಾಲುಗಳು ಅವರ ನೆರವಿಗೆ ಬಂದವು.

ಡೀಸೆಲ್ ಹಾಕಿಸಿದರೆ ಬಲ ಹೆಚ್ಚುತ್ತದೆ ಎಂಬ ನಂಬಿಕೆ ಸಾಮಾನ್ಯ. ಲೆಕ್ಕ ಹಾಗೆ ಹೇಳುವುದಿಲ್ಲ. ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಶಕ್ತಿ 70 ಅಶ್ವಶಕ್ತಿಗೂ ಮಿಗಿಲು. ಪ್ಯೂಜೊ ಡೀಸೆಲಿನದು 60ರ ಆಸುಪಾಸು. ಲಾಭ ಇದ್ದುದು ಇಂಧನದ ಖರ್ಚಿನಲ್ಲಿ. ಇನ್ನೊಂದು ಲಾಭ ಮಳೆಗಾಲದ್ದು. ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಕಿಡಿ ಬೇಕು. ಹಳ್ಳ ದಾಟುವಾಗ ಪ್ಲಗ್ಗು, ಡಿಸ್ಟ್ರಿಬ್ಯೂಟರ್ ನೆನೆದರೆ ಗಾಡಿ ನೀರಿನ ನಡುವೆಯೇ ನಿಲ್ಲುತ್ತದೆ. ಡೀಸೆಲಿಗೆ ಕಿಡಿ ಬೇಡ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆಷಾಢದ ಮಳೆಯಲ್ಲಿ ತೋಟಕ್ಕೆ ಹೋಗಬೇಕಾದವರಿಗೆ ಇದು ಸಣ್ಣ ಮಾತಾಗಿರಲಿಲ್ಲ.

ಒಂದನ್ನು ಮುಟ್ಟಿದರೆ ಹತ್ತು

ಎಂಜಿನ್ ಕೂರಿಸುವುದೆಂದರೆ ನಾಲ್ಕು ಬೋಲ್ಟು ಬಿಚ್ಚಿ ನಾಲ್ಕು ಬೋಲ್ಟು ಬಿಗಿಯುವುದಲ್ಲ. ಮೊದಲ ತೊಡಕು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ. ಎರಡನ್ನೂ ಸೇರಿಸುವ ಗಂಟೆಯಾಕಾರದ ಕವಚದ ತೂತುಗಳು ಒಂದು ಕಂಪೆನಿಯದು ಇನ್ನೊಂದಕ್ಕೆ ಹೊಂದುವುದಿಲ್ಲ. ನಡುವೆ ದಪ್ಪ ಉಕ್ಕಿನ ತಟ್ಟೆಯೊಂದನ್ನು ಲೇತಿನಲ್ಲಿ ಕಡೆದು ಕೂರಿಸಬೇಕು. ಎಂಜಿನ್ನಿನ ದಂಡವೂ ಗೇರ್ ಬಾಕ್ಸಿನ ದಂಡವೂ ಕೂದಲೆಳೆಯಷ್ಟೂ ಓರೆಯಾಗದೆ ಒಂದೇ ನೇರದಲ್ಲಿ ಇರಬೇಕು. ತಪ್ಪಿದರೆ ಕ್ಲಚ್ಚು, ಬೇರಿಂಗು ಎರಡೂ ಬೇಗ ಸವೆಯುತ್ತವೆ.

ಎರಡನೆಯದು ಎಂಜಿನ್ ಕೂರುವ ಜಾಗ. ಡೀಸೆಲ್ ಎಂಜಿನ್ ಒಳಗಿನ ಒತ್ತಡ ತಡೆಯಲು ದಪ್ಪ ಎರಕದಿಂದ ಮಾಡಿದ್ದು. ಭಾರವೂ ಹೆಚ್ಚು, ನಡುಕವೂ ಹೆಚ್ಚು. ಚಾಸಿಗೆ ಬೆಸೆದ ಹಳೆಯ ಆಧಾರಗಳನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಕೆಳಗಿನ ಆಯಿಲ್ ತೊಟ್ಟಿ ಮುಂದಿನ ಆ್ಯಕ್ಸಲ್ಲಿಗೆ ತಾಗಬಾರದು. ಎಫ್‌ಸಿ ಪಿಕಪ್ಪಿನಲ್ಲಾದರೆ ತೊಂದರೆ ಇಮ್ಮಡಿ. ಅಲ್ಲಿ ಎಂಜಿನ್ ಇರುವುದು ಕ್ಯಾಬಿನ್ನಿನೊಳಗೆ, ಚಾಲಕನ ಪಕ್ಕದ ಪೆಟ್ಟಿಗೆಯಡಿ. ಎಂಜಿನ್ ಎರಡಂಗುಲ ದೊಡ್ಡದಾದರೂ ಪೆಟ್ಟಿಗೆ ಮುಚ್ಚುವುದಿಲ್ಲ. ಮುಚ್ಚಿದರೂ ಬಿಸಿ, ಸದ್ದು ಎಲ್ಲ ಚಾಲಕನ ಪಾಲಿಗೆ.

ಮೂರನೆಯ ತೊಡಕು ಯಾರಿಗೂ ತೋಚದಂಥದು. ಹಳೆಯ ವಿಲ್ಲಿಸ್ ಮಾದರಿಗಳ ವೈಪರ್ ವಿದ್ಯುತ್ತಿನಿಂದ ಓಡುತ್ತಿರಲಿಲ್ಲ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಹೀರುವಾಗ ಉಂಟಾಗುವ ನಿರ್ವಾತವೇ ಅದನ್ನು ಓಡಿಸುತ್ತಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಆ ನಿರ್ವಾತ ಸಿಗುವುದಿಲ್ಲ. ಮಳೆಗೆ ಅಂಜದ ಎಂಜಿನ್ ಬಂತು, ಮಳೆ ಒರೆಸುವ ಕೈ ನಿಂತುಹೋಯಿತು! ಅದಕ್ಕೆ ಬೇರೆ ಮೋಟಾರು ಕಟ್ಟಬೇಕಾಯಿತು.

ರಸ್ತೆಯ ಲಾಭ, ಘಾಟಿಯ ನಷ್ಟ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಗೇರಿನ ಲೆಕ್ಕ. ಸಿಜೆ-3ಬಿ ಜೀಪಿನ ಕ್ರೌನ್-ಪಿನಿಯನ್ ಅನುಪಾತ 5.38. ಅಂದರೆ ಟಾಪ್ ಗೇರಿನಲ್ಲಿ ಎಂಜಿನ್ 5.38 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಚಕ್ರದ ಸುತ್ತಳತೆ ಸುಮಾರು ಎರಡೂಕಾಲು ಮೀಟರ್. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಜೀಪಿನ ವೇಗ, ಕಾಗದದ ಮೇಲಾದರೂ, ಗಂಟೆಗೆ ಸುಮಾರು 100 ಕಿ.ಮೀ. ಅದರ ಜಾಗಕ್ಕೆ ನಿಮಿಷಕ್ಕೆ 2500 ಸುತ್ತಿಗೇ ಮಿತಿಗೊಳ್ಳುವ ನಿಧಾನಗತಿಯ ಡೀಸೆಲ್ ಎಂಜಿನ್ ಬಂದರೆ? ಅದೇ ಲೆಕ್ಕದಲ್ಲಿ ವೇಗ 63 ಕಿ.ಮೀ.ಗೆ ಇಳಿಯುತ್ತದೆ. ಎಂಜಿನ್ ಕಿರುಚುತ್ತದೆ, ಗಾಡಿ ಓಡುವುದಿಲ್ಲ.

ಇದಕ್ಕೆ ಪರಿಹಾರ ಕ್ರೌನ್-ಪಿನಿಯನ್ ಬದಲಾಯಿಸುವುದು. ಅನುಪಾತ 4.27 ಆದರೆ ಅದೇ ಎಂಜಿನ್ 79 ಕಿ.ಮೀ. ವೇಗ ಕೊಡುತ್ತದೆ. ಆದರೆ ಜೀಪಿನ ಪ್ರಾಣ ಇರುವುದು ಏರಿನಲ್ಲಿ. ಮೂಲ ಜೀಪಿನಲ್ಲಿ ಮೊದಲ ಗೇರು, ಲೋ ಗೇರು, ಕ್ರೌನ್-ಪಿನಿಯನ್ ಮೂರೂ ಸೇರಿ ಎಂಜಿನ್ 37 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು ಸುತ್ತುತ್ತಿತ್ತು. ಈ ಬದಲಾವಣೆಯಿಂದ ಅದು 29ಕ್ಕೆ ಇಳಿಯುತ್ತದೆ. ರಸ್ತೆಯಲ್ಲಿ ಗಳಿಸಿದ್ದನ್ನು ಘಾಟಿಯಲ್ಲಿ ಕಳೆದುಕೊಂಡ ಹಾಗೆ. ಜೊತೆಗೆ, ನಾಲ್ಕೂ ಚಕ್ರ ಎಳೆಯುವ ಗಾಡಿಯಾದ್ದರಿಂದ ಹಿಂದಿನದನ್ನು ಮಾತ್ರ ಬದಲಿಸಿದರೆ ಸಾಲದು. ಮುಂದಿನದನ್ನೂ ಅದೇ ಅನುಪಾತಕ್ಕೆ ತರಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಕೇಳಿ ಗೇರು ಮುರಿಯುತ್ತದೆ. ಒಳ್ಳೆಯ ಮಿಸ್ತ್ರಿ ‘ಯಾವ ಎಂಜಿನ್ ಬೇಕು’ ಎಂದು ಕೇಳುವ ಮೊದಲು ‘ಗಾಡಿ ಎಲ್ಲಿ ಓಡಬೇಕು’ ಎಂದು ಕೇಳುವುದು ಇದಕ್ಕೇ.

ಕಾನೂನಿನ ಕಣ್ಣು

ನಂತರದ ವರ್ಷಗಳಲ್ಲಿ ಎಂಜಿನ್ ಬದಲಾವಣೆಯ ಉದ್ದೇಶವೇ ಬದಲಾಯಿತು. ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರಿನಲ್ಲಿ ಸರ್ಕಾರ ನಿಯಂತ್ರಣದಿಂದ ಮುಕ್ತಗೊಳಿಸಿತು. ಪೆಟ್ರೋಲಿಗೂ ಡೀಸೆಲಿಗೂ ಇದ್ದ ಅಂತರ ಕಿರಿದಾಯಿತು. ಉಳಿತಾಯಕ್ಕಾಗಿ ನಡೆಯುತ್ತಿದ್ದುದು ಹವ್ಯಾಸಿಗಳ ಕೈಯಲ್ಲಿ ವೇಗಕ್ಕಾಗಿ ನಡೆಯತೊಡಗಿತು. ಟರ್ಬೊ ಅಳವಡಿಸಿದ ಆಧುನಿಕ ಎಂಜಿನ್ನುಗಳು ಹಳೆಯ ಚಾಸಿಗಳನ್ನು ಏರಿದವು.

ಇಲ್ಲಿ ಅಪಾಯ ನಿಜವಾದದ್ದು. ಸಿಜೆ-3ಬಿ ಜೀಪಿನ ಬ್ರೇಕುಗಳು ಕೇವಲ ಒಂಬತ್ತು ಅಂಗುಲದ ಡ್ರಮ್ಮುಗಳು. ಗಾಡಿಯ ವೇಗ 60ರಿಂದ 90ಕ್ಕೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಹೆಚ್ಚುತ್ತದೆ. ಎಂಜಿನ್ ಹೊಸದು, ಬ್ರೇಕು ಮತ್ತು ಸ್ಟೀರಿಂಗು ಹಳೆಯವು ಎಂದಾದರೆ ಘಾಟಿಯ ಇಳಿಜಾರಿನಲ್ಲಿ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಮೊದಲು, ಸಾರಿಗೆ ಕಚೇರಿಗೆ ತಿಳಿಸಿ ಒಪ್ಪಿಗೆ ಪಡೆದು ಮಾರ್ಪಾಡು ಮಾಡಲು ಅದು ಅವಕಾಶ ಕೊಡುತ್ತಿತ್ತು. 2000ದ ತಿದ್ದುಪಡಿ ಬಿಗಿಯಾಯಿತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು ಎಂದಿತು. ಅನಿಲ, ವಿದ್ಯುತ್ ಮುಂತಾದ ಬೇರೆ ಇಂಧನಕ್ಕೆ ಒಪ್ಪಿತ ಕಿಟ್ ಅಳವಡಿಸಲು ವಿನಾಯಿತಿ ಉಳಿಯಿತು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಬಿಗಿ ಅರ್ಥವನ್ನೇ ಎತ್ತಿಹಿಡಿಯಿತು. ಹೀಗಾಗಿ ಸಿಕ್ಕಿದ ಎಂಜಿನ್ ತಂದು ಕೂರಿಸಿ ಓಡಿಸುವವರು ಕಾನೂನಿನ ಹೊರಗೆ ನಿಲ್ಲುತ್ತಾರೆ. ಅಪಘಾತವಾದಾಗ ವಿಮೆಯ ತಕರಾರೂ ಏಳುತ್ತದೆ.

ಯಾವುದು ಪರಂಪರೆ?

2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ವಾಹನಗಳಿಗೆ ಈ ಗೌರವ. ಚಾಸಿ, ಕವಚ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂಥ ವಾಹನವನ್ನು ದಿನಬಳಕೆಗೆ ರಸ್ತೆಗಿಳಿಸುವಂತೆಯೂ ಇಲ್ಲ.

ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಪರಿಣಾಮ ಗಮನಿಸಿ. ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿದ್ದ ಜೀಪಿಗೆ ಪರಂಪರೆಯ ಪಟ್ಟ ಸಿಗುತ್ತದೆ. ಅರ್ಧ ಶತಮಾನ ಕೆಸರಿನಲ್ಲಿ ದುಡಿದ, ಬಾಣಂತಿಯರನ್ನು ಆಸ್ಪತ್ರೆಗೆ ಹೊತ್ತ, ಬದುಕುವುದಕ್ಕಾಗಿಯೇ ಎಂಜಿನ್ ಬದಲಿಸಿಕೊಂಡ ಜೀಪಿಗೆ ಸಿಗುವುದಿಲ್ಲ. 1980ರ ದಶಕದಲ್ಲಿ ಭಾರ ಎಂದು ತೂಕಕ್ಕೆ ಮಾರಿದ ಹರಿಕೇನ್ ಎಂಜಿನ್ನನ್ನೇ ಇಂದು ಮೂಲರೂಪ ಬಯಸುವವರು ಗುಜರಿಗಳಲ್ಲಿ ಹುಡುಕುತ್ತಾರೆ.

ರಸ್ತೆಯ ಸುರಕ್ಷೆಗೆ ಕಟ್ಟುಪಾಡು ಬೇಕು, ಅದರಲ್ಲಿ ಎರಡು ಮಾತಿಲ್ಲ. ಟರ್ಬೊ ಕೂರಿಸಿ ಹೆದ್ದಾರಿಯಲ್ಲಿ ಹಾರಿಸುವ ಜೀಪನ್ನೂ, ಹಿಂದೆ ಒಪ್ಪಿಗೆ ಪಡೆದೇ ಡೀಸೆಲ್ ಹಾಕಿಸಿ ತೋಟದಲ್ಲಿ ತೆವಳುವ ಜೀಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂಬುದು ಮಾತ್ರ ಕೇಳಬೇಕಾದ ಪ್ರಶ್ನೆ. ಅಂಥ ಜೀಪು ಮನೆಯಲ್ಲಿ ಇರುವವರು ಸದ್ಯಕ್ಕೆ ಮಾಡಬಹುದಾದ ಕೆಲಸ ಎರಡು. ಎಂಜಿನ್ ಬದಲಾದುದು ಆರ್.ಸಿ. ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ತೆರೆದು ನೋಡುವುದು ಒಂದು. ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಪೆಟ್ರೋಲ್ ಎಂಜಿನ್ ಇನ್ನೂ ಬಿದ್ದಿದ್ದರೆ, ಅದರ ನಂಬರು ಮಾಸದಂತೆ ಎಣ್ಣೆ ಸವರಿ ಎತ್ತಿಡುವುದು ಇನ್ನೊಂದು.