ಮಠದ ನೌಕರನ ಆರೋಗ್ಯ ವಿಮೆ ಯಾರ ಹೊಣೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಧಾರ್ಮಿಕ ಸಂಸ್ಥೆಗಳು ಪೂಜೆ, ಪ್ರವಚನ, ಜಾತ್ರೆಗಳನ್ನು ದಾಟಿ ಬಹಳ ಕಾಲವಾಯಿತು. ಜಿಲ್ಲಾ ಕೇಂದ್ರದಲ್ಲಿ ಆದಿಚುಂಚನಗಿರಿ ಮಠದ ಆಶ್ರಯದಲ್ಲಿ 1986ರಲ್ಲಿ ಆರಂಭವಾದ ಎಸ್‌ಜೆಸಿ ಎಂಜಿನಿಯರಿಂಗ್ ಕಾಲೇಜು ಇದೆ, ಲಂಡನ್ ಮಿಷನ್ನಿನ ಕಾಲದಿಂದ ಬಂದ ಸಿಎಸ್‌ಐ ಆಸ್ಪತ್ರೆ ಇದೆ. ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ಶುಲ್ಕವಿಲ್ಲದ ವೈದ್ಯಕೀಯ ಕಾಲೇಜು ಇದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಮಠಕ್ಕೂ ಮುರುಗಮಲ್ಲದ ದರ್ಗಾಕ್ಕೂ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ದೇವಾಲಯಕ್ಕೂ ವರ್ಷವಿಡೀ ಜನ ಬರುತ್ತಾರೆ. ಇಂಥ ಕಡೆಗಳಲ್ಲೆಲ್ಲ ಅಡುಗೆಯವರು, ಚಾಲಕರು, ಆಯಾಗಳು, ಕಾವಲುಗಾರರು ಬೇಕೇ ಬೇಕಾಗುತ್ತಾರೆ. ಅವರು ಕಾಯಿಲೆ ಬಿದ್ದರೆ ಖರ್ಚಿನ ಹೊಣೆ ಯಾರದು, ಆ ಹೊಣೆಯನ್ನು ಧರ್ಮದ ಹೆಸರಿನಲ್ಲಿ ನಡೆಯುವ ಸಂಸ್ಥೆಯ ಮೇಲೆ ಸರ್ಕಾರ ಹೇರಬಹುದೇ ಎಂಬ ಪ್ರಶ್ನೆ ಏಳುವುದು ಇಲ್ಲಿಂದಲೇ.

ಭಾರತದಲ್ಲಿ ಈ ಹೊಣೆಯ ಮುಖ್ಯ ರೂಪ 1948ರ ನೌಕರರ ರಾಜ್ಯ ವಿಮಾ ಕಾಯ್ದೆಯಿಂದ ಬಂದದ್ದು. ಜನರ ಬಾಯಲ್ಲಿ ಅದು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಅದರ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈನಿಂದ ಮಾಲೀಕನ ವಂತಿಗೆ ವೇತನದ ಶೇ 3.25, ನೌಕರನದು ಶೇ 0.75. ಅಂದರೆ 16,000 ರೂಪಾಯಿ ಸಂಬಳದ ಬಸ್ ಚಾಲಕನ ಹೆಸರಿಗೆ ಸಂಸ್ಥೆ 520 ರೂಪಾಯಿ ಕಟ್ಟುತ್ತದೆ, ಅವನ ಸಂಬಳದಿಂದ 120 ರೂಪಾಯಿ ಹಿಡಿಯಲಾಗುತ್ತದೆ. ಪ್ರತಿಯಾಗಿ ಅವನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ ದೊರೆಯುತ್ತದೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ, ವರ್ಷದಲ್ಲಿ 91 ದಿನಗಳ ಮಿತಿಯಲ್ಲಿ, ವೇತನದ ಶೇ 70ರಷ್ಟು ಹಣ ಕೈಗೆ ಬರುತ್ತದೆ.

ಇದೇ ಪ್ರಶ್ನೆ ಅಮೆರಿಕದಲ್ಲಿ ಬೇರೆಯೇ ಬಗೆಯ ಜಗಳವಾಯಿತು. ಅಲ್ಲಿ 2010ರ ಆರೋಗ್ಯ ಕಾಯ್ದೆಯ ಅಡಿಯಲ್ಲಿ ಮಾಲೀಕರು ಕೊಡಿಸುವ ವಿಮೆಯಲ್ಲಿ ಗರ್ಭನಿರೋಧಕಗಳೂ ಸೇರಿರಬೇಕೆಂದು ಸರ್ಕಾರ ಹೇಳಿದಾಗ, ಅದು ತಮ್ಮ ನಂಬಿಕೆಗೆ ವಿರುದ್ಧವೆಂದು ಹಲವರು ನ್ಯಾಯಾಲಯಕ್ಕೆ ಹೋದರು. ಹಾಬಿ ಲಾಬಿ ಎಂಬ ಕುಟುಂಬ ಒಡೆತನದ ಕಂಪನಿಗೆ 2014ರಲ್ಲಿ ಜಯ ಸಿಕ್ಕಿತು. ಬಡ ವೃದ್ಧರನ್ನು ನೋಡಿಕೊಳ್ಳುವ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘವಾದ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಕೂಡ 2020ರಲ್ಲಿ ಗೆದ್ದಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ವೃದ್ಧಾಶ್ರಮ ಇದೇ ಸಂಘದ್ದು.

ನಮ್ಮಲ್ಲಿ ಅಂಥ ವ್ಯಾಜ್ಯಕ್ಕೆ ಆಸ್ಪದ ಸಿಗದಿರುವುದಕ್ಕೆ ಕಾರಣ ಭಾರತೀಯ ಮಾಲೀಕರ ಉದಾರತೆಯಲ್ಲ, ವ್ಯವಸ್ಥೆಯ ರಚನೆ. ಅಮೆರಿಕದ ಮಾಲೀಕ ಯಾವ ಚಿಕಿತ್ಸೆಗೆ ಹಣ ಸಲ್ಲಬೇಕೆಂಬ ಪಟ್ಟಿಯಿರುವ ಪಾಲಿಸಿಯನ್ನೇ ಕೊಳ್ಳುತ್ತಾನೆ. ಇಎಸ್‌ಐನಲ್ಲಿ ಮಾಲೀಕ ಸಾಮಾನ್ಯ ನಿಧಿಗೆ ವಂತಿಗೆ ಕಟ್ಟಿದರೆ ಅವನ ಪಾತ್ರ ಮುಗಿಯಿತು, ಮುಂದಿನದು ವೈದ್ಯರಿಗೂ ರೋಗಿಗೂ ಬಿಟ್ಟದ್ದು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪುರುಷನಿಗೆ 7 ದಿನ, ಮಹಿಳೆಗೆ 14 ದಿನ ಪೂರ್ಣ ವೇತನ ಕೊಡುವುದು ಇದೇ ನಿಧಿಯೇ. ಇದನ್ನು ಒಪ್ಪದ ಚರ್ಚಿನ ಸಂಸ್ಥೆ ಕಟ್ಟಿದ ವಂತಿಗೆಯೂ ಅದರಲ್ಲಿ ಕಲೆತಿರುತ್ತದೆ; ಯಾರ ಹಣ ಯಾವ ಚಿಕಿತ್ಸೆಗೆ ಹೋಯಿತೆಂದು ಬೇರ್ಪಡಿಸಿ ಹೇಳುವಂತಿಲ್ಲ.

ಹಾಗಾಗಿ ಇಲ್ಲಿನ ವಾದ ಆತ್ಮಸಾಕ್ಷಿಯ ಸುತ್ತ ನಡೆಯದೆ, ಕಾನೂನಿನ ವ್ಯಾಪ್ತಿಯ ಸುತ್ತ ನಡೆಯುತ್ತದೆ. ಸಂವಿಧಾನದ 25 ಮತ್ತು 26ನೆಯ ವಿಧಿಗಳು ಧರ್ಮಾಚರಣೆಯ ಸ್ವಾತಂತ್ರ್ಯವನ್ನೂ ಧಾರ್ಮಿಕ ವ್ಯವಹಾರಗಳನ್ನು ತಾವೇ ನಿರ್ವಹಿಸಿಕೊಳ್ಳುವ ಹಕ್ಕನ್ನೂ ಕೊಡುತ್ತವೆ. ಆದರೆ ಧರ್ಮದ ಜೊತೆಗೆ ಸಾಗುವ ಆರ್ಥಿಕ, ಲೌಕಿಕ ಚಟುವಟಿಕೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸುತ್ತವೆ. ಎರಡರ ನಡುವಿನ ಗೆರೆಯನ್ನು ಸುಪ್ರೀಂ ಕೋರ್ಟ್ 1954ರಲ್ಲಿ ಎಳೆದದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಧರ್ಮಕ್ಕೆ ಅತ್ಯಗತ್ಯವಾದದ್ದು ಯಾವುದೆಂಬುದನ್ನು ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕು, ಆಸ್ತಿಯ ಆಡಳಿತವನ್ನು ಮಾತ್ರ ಕಾನೂನು ನಿಯಂತ್ರಿಸಬಹುದು ಎಂದ ಅದೇ ತೀರ್ಪು, ಮಠದ ಆದಾಯದಿಂದ ಮದರಾಸು ಸರ್ಕಾರ ವಸೂಲು ಮಾಡುತ್ತಿದ್ದ ವಾರ್ಷಿಕ ವಂತಿಗೆಯನ್ನು, ಅದು ಸೇವೆಗೆ ಪ್ರತಿಯಾದ ಶುಲ್ಕವಲ್ಲ, ತೆರಿಗೆ ಎಂದು ರದ್ದುಪಡಿಸಿತು. ಇಎಸ್‌ಐ ವಂತಿಗೆಯ ಬಗ್ಗೆ ಆ ಆಕ್ಷೇಪ ನಿಲ್ಲುವುದು ಕಷ್ಟ, ಏಕೆಂದರೆ ಅದು ನೌಕರನಿಗೆ ನೇರವಾಗಿ ಮರಳುತ್ತದೆ.

ಗೆರೆ ಅಡುಗೆಮನೆಯ ಒಳಕ್ಕೂ ಹಾದುಹೋಗುತ್ತದೆ. ಬೆಂಗಳೂರು ಜಲಮಂಡಳಿಯ 1978ರ ಪ್ರಸಿದ್ಧ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ‘ಉದ್ಯಮ’ ಎಂದರೇನೆಂದು ವಿವರಿಸುವಾಗ, ಶುದ್ಧ ಆಧ್ಯಾತ್ಮಿಕ ಸೇವೆಯನ್ನು ಹೊರಗಿಟ್ಟು, ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವುದನ್ನು ಒಳಗೆ ಸೇರಿಸಿತು. ಆ ತೀರ್ಪು ಕೈಗಾರಿಕಾ ವಿವಾದಗಳಿಗೆ ಸಂಬಂಧಿಸಿದ್ದು, ವಿಮೆಗಲ್ಲ. ಆದರೂ ಗರ್ಭಗುಡಿಯಲ್ಲಿ ಮಂತ್ರ ಹೇಳುವವನಿಗೂ ನೂರಾರು ಜನರ ಅನ್ನಕ್ಕೆ ಒಲೆ ಹಚ್ಚುವವನಿಗೂ ಕಾನೂನಿನ ಕಣ್ಣಲ್ಲಿರುವ ವ್ಯತ್ಯಾಸ ಇದಕ್ಕಿಂತ ಸ್ಪಷ್ಟವಾಗಿ ಬೇರೆಡೆ ಕಾಣುವುದಿಲ್ಲ.

ವಿನಾಯಿತಿ ಇಲ್ಲವೆಂದಲ್ಲ. ನೌಕರರಿಗೆ ಇಎಸ್‌ಐಗೆ ಸಮನಾದ ಅಥವಾ ಅದಕ್ಕಿಂತ ಉತ್ತಮವಾದ ಸೌಲಭ್ಯ ಈಗಾಗಲೇ ಸಿಗುತ್ತಿದ್ದರೆ ಸರ್ಕಾರ ಸಂಸ್ಥೆಯನ್ನು ಹೊರಗಿಡಬಹುದು. ಆದರೆ ಅಲ್ಲಿ ಅಳೆಯುವುದು ಸೌಲಭ್ಯವನ್ನು, ನಂಬಿಕೆಯನ್ನಲ್ಲ. ತನ್ನ ದಾದಿಯರಿಗೆ ತನ್ನಲ್ಲೇ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯೂ ಅಷ್ಟರಿಂದಲೇ ಪಾರಾಗದು, ಏಕೆಂದರೆ ಹೆರಿಗೆಯಾದವಳಿಗೆ 26 ವಾರಗಳ ಪೂರ್ಣ ವೇತನ ಔಷಧದ ಚೀಟಿಯಿಂದ ಬರುವುದಿಲ್ಲ.

ನಿಜವಾದ ಬಿರುಕಿರುವುದು ‘ಸೇವೆ’ ಎಂಬಲ್ಲಿ. ವೇತನ ಪಡೆದರೆ ನೌಕರ. ಊಟ, ವಸತಿಯೊಂದಿಗೆ ‘ಗೌರವಧನ’ ಪಡೆದರೆ ಸೇವಾಕರ್ತ. ಮನಸಾರೆ ಕೆಲವು ದಿನ ದುಡಿದು ಹೋಗುವ ಭಕ್ತನನ್ನು ನೌಕರನೆನ್ನುವುದು ಅಸಂಬದ್ಧ. ಆದರೆ ಹತ್ತಾರು ವರ್ಷ ಅದೇ ಅಡುಗೆಮನೆಯಲ್ಲಿ, ಅದೇ ಹೊತ್ತಿಗೆ, ಮತ್ತೊಬ್ಬರ ಅಪ್ಪಣೆಯಂತೆ ಬೇಯಿಸುವವನನ್ನೂ ಸೇವಾಕರ್ತನೆಂದೇ ದಾಖಲಿಸಿದರೆ, ಅಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಹೆಸರು ನೆಪವಷ್ಟೇ. ಬಡ ಕುಟುಂಬಗಳಿಗಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಅಂಥವನ ಆಸ್ಪತ್ರೆ ಖರ್ಚನ್ನು ಭರಿಸಬಹುದು, ಕಳೆದುಹೋದ ಕೂಲಿಯನ್ನು ತುಂಬಿಕೊಡದು.

ಸಂಖ್ಯೆಯದೂ ಒಂದು ತೊಡಕು. 1948ರ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇಎಸ್‌ಐ ಸಾಮಾನ್ಯವಾಗಿ ಕಡ್ಡಾಯವಾಗುವುದು 10 ಅಥವಾ ಹೆಚ್ಚು ನೌಕರರಿರುವ ಕಡೆ. ಶಿಡ್ಲಘಟ್ಟದಲ್ಲಿ ನಾಲ್ಕೈದು ಜನ ದುಡಿಯುವ ರೇಷ್ಮೆ ನೂಲು ತೆಗೆಯುವ ಘಟಕ ಹೊರಗುಳಿಯುವುದೂ, ಆರೇಳು ಸಿಬ್ಬಂದಿಯ ಚಿಕ್ಕ ಮಠ ಹೊರಗುಳಿಯುವುದೂ ಒಂದೇ ಕಾರಣಕ್ಕೆ. ಅದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ. ಇಂಥವರು ಸ್ವಇಚ್ಛೆಯಿಂದ ಸೇರಲು ಸಂಹಿತೆ ಅವಕಾಶ ಕೊಟ್ಟಿದೆ, ಆದರೆ ಅದಕ್ಕೆ ನೌಕರರಲ್ಲಿ ಬಹುಪಾಲು ಜನ ಒಪ್ಪಿದರೆ ಸಾಲದು, ಸಂಸ್ಥೆಯೂ ಒಪ್ಪಬೇಕು.