ಲಾಭ ಮನೆಗೊಯ್ಯುವಂತಿಲ್ಲದ ಕಾಡು

ಕಾಡು ಎಂದರೆ ಸರಕಾರದ್ದು, ಅದನ್ನು ಕಾಯುವುದು ಅರಣ್ಯ ಇಲಾಖೆಯ ಕೆಲಸ ಎಂದೇ ನಾವು ತಿಳಿದಿದ್ದೇವೆ. ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ ಹಾಗಿಲ್ಲ. ಅಲ್ಲಿ ವನ್ಯಮೃಗಗಳು ದೇಶದ ಸೊತ್ತು. ಆದರೆ ಅವು ಮೇಯುವ ನೆಲ ಖಾಸಗಿಯವರದ್ದಾಗಿರಬಹುದು. ಕೀನ್ಯಾ ಪರ್ವತಕ್ಕೂ ಅಬರ್ಡೇರ್ ಬೆಟ್ಟಗಳಿಗೂ ನಡುವೆ ಇರುವ ಓಲ್ ಪೆಜೆಟಾ ಅಂಥದೊಂದು ಧಾಮ. ವಿಸ್ತೀರ್ಣ ಸುಮಾರು 90,000 ಎಕರೆ!

ಒಂದು ಕಾಲದಲ್ಲಿ ಇದು ಬಿಳಿಯರ ದನದ ಫಾರ್ಮು. (ಅದಕ್ಕೂ ಮೊದಲು ಈ ಸೀಮೆಯಲ್ಲಿ ದನ ಮೇಯಿಸುತ್ತಿದ್ದ ಮಾಸಾಯಿ ಜನರನ್ನು ಬ್ರಿಟಿಷರು ಒಕ್ಕಲೆಬ್ಬಿಸಿದ್ದರೆಂಬುದನ್ನೂ ಮರೆಯಬಾರದು.) ನಂತರ ಸೌದಿಯ ಕೋಟ್ಯಧಿಪತಿ ಅದ್ನಾನ್ ಖಶೋಗಿಯ ಕೈಗೂ ಬಂತು. 2004ರಲ್ಲಿ ಫಾನಾ ಆ್ಯಂಡ್ ಫ್ಲೋರಾ ಇಂಟರ್‌ನ್ಯಾಶನಲ್ ಸಂಸ್ಥೆಯು ಆರ್ಕಸ್ ಫೌಂಡೇಶನಿನ ನೆರವಿನಿಂದ ಇದನ್ನು ಖರೀದಿಸಿತು. ಈಗ ಇದು ಲಾಭರಹಿತ ಸಂಸ್ಥೆ. ಅಂದರೆ ಗಳಿಕೆ ಬೇಡವೆಂದಲ್ಲ. ಗಳಿಸಿದ್ದನ್ನು ಯಾರೂ ಹಂಚಿಕೊಳ್ಳುವಂತಿಲ್ಲ. ಮಿಕ್ಕಿದ್ದೆಲ್ಲ ಕಾಡಿಗೆ, ಕಾವಲಿಗೆ, ಸುತ್ತಲಿನ ಊರುಗಳ ಶಾಲೆ ಮತ್ತು ನೀರಿಗೆ.

ಗಳಿಕೆ ಎಲ್ಲಿಂದ? ಪ್ರವಾಸಿಗರ ಪ್ರವೇಶ ಶುಲ್ಕ ಮತ್ತು ವಸತಿಗೃಹಗಳಿಂದ, ದಾನಿಗಳಿಂದ. ಇನ್ನೊಂದು ಮೂಲವನ್ನು ಕೇಳಿದರೆ ನಿಮಗೆ ಅಚ್ಚರಿಯಾದೀತು: ದನ! ಸಾವಿರಾರು ಬೋರಾನ್ ತಳಿಯ ದನಗಳು ಸಿಂಹ, ಆನೆ, ಝೀಬ್ರಾಗಳಿರುವ ಅದೇ ಹುಲ್ಲುಗಾವಲಲ್ಲಿ ಮೇಯುತ್ತವೆ. ಅವುಗಳ ಮಾಂಸ ಮಾರಾಟವಾಗುತ್ತದೆ. ರಾತ್ರಿ ಸಿಂಹದ ಭಯಕ್ಕೆ ಅವನ್ನು ದೊಡ್ಡಿಗೆ ಕೂಡುತ್ತಾರೆ. ಆ ದೊಡ್ಡಿ ಒಂದೇ ಕಡೆ ಇರುವುದಿಲ್ಲ, ಆಗಾಗ ಸ್ಥಳ ಬದಲಾಗುತ್ತದೆ. ಬಿಟ್ಟುಹೋದ ಜಾಗದಲ್ಲಿ ಸೆಗಣಿ ಗೊಬ್ಬರವಾಗಿ ಎಳೆಹುಲ್ಲು ಚಿಗುರುತ್ತದೆ. ಜಿಂಕೆ, ಝೀಬ್ರಾಗಳು ಅದನ್ನೇ ಹುಡುಕಿ ಬರುತ್ತವೆ. ದನಗಳಿಗೆ ಔಷಧಿ ಹಾಕುವುದರಿಂದ ಅವುಗಳ ಮೈಗೆ ಹತ್ತಿದ ಉಣ್ಣಿಗಳೂ ಸಾಯುತ್ತವೆ. ನಮ್ಮ ಅಜ್ಜಿಯಂದಿರು ಹಟ್ಟಿಯ ಗೊಬ್ಬರವನ್ನು ತೋಟಕ್ಕೆ ಹಾಕಿಸುತ್ತಿದ್ದ ಲೆಕ್ಕಾಚಾರವೇ ಇದು.

ಬೇಲಿಯ ವಿಷಯವೂ ಕುತೂಹಲಕರ. ಧಾಮದ ಸುತ್ತ ವಿದ್ಯುತ್ ಬೇಲಿ ಇದೆ. ಆನೆಗಳಿಗೆ ಓಡಾಡಲು ದಾರಿ ಬೇಕು, ಘೇಂಡಾಮೃಗ ಮಾತ್ರ ಹೊರಹೋಗಬಾರದು. ಹೋದರೆ ಬೇಟೆಗಾರರ ಪಾಲು. ಅದಕ್ಕಾಗಿ ಉತ್ತರದಲ್ಲಿ ಬೇಲಿ ಬಿಟ್ಟ ಕಡೆ ಗಿಡ್ಡ ಕಂಬಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆ. ಆನೆ ದಾಟುತ್ತದೆ, ಗಿಡ್ಡ ಕಾಲಿನ ಘೇಂಡಾಮೃಗಕ್ಕೆ ಆಗುವುದಿಲ್ಲ.

ಅತಿ ದೊಡ್ಡ ಖರ್ಚುಗಳಲ್ಲೊಂದು ಈ ಕಾವಲೇ. ನಮ್ಮ ಉಗುರಿನಲ್ಲಿರುವ ವಸ್ತುವಿನಿಂದಲೇ ಆದ ಒಂದು ಕೊಂಬಿಗಾಗಿ ಜನ ಕೊಲ್ಲಲು ಬರುತ್ತಾರೆ. ಹಗಲಿರುಳು ಶಸ್ತ್ರಧಾರಿ ಕಾವಲುಗಾರರು, ನಾಯಿಗಳು ಬೇಕು. 2020ರಲ್ಲಿ ಕೋವಿಡ್‌ನಿಂದಾಗಿ ಪ್ರವಾಸಿಗರು ಬರುವುದು ನಿಂತಿತು, ಕಾವಲನ್ನು ನಿಲ್ಲಿಸಲಾದೀತೇ? ಪ್ರವಾಸೋದ್ಯಮವನ್ನೇ ನೆಚ್ಚಿಕೊಂಡ ಕಾಡಿನ ದೊಡ್ಡ ದೌರ್ಬಲ್ಯ ಇದು.

ಉತ್ತರದ ಬಿಳಿ ಘೇಂಡಾಮೃಗಗಳ ಕಥೆಯಂತೂ ಕರುಳು ಹಿಂಡುತ್ತದೆ. 2009ರಲ್ಲಿ ಚೆಕ್ ದೇಶದ ಮೃಗಾಲಯದಿಂದ ನಾಲ್ಕನ್ನು ಇಲ್ಲಿಗೆ ತಂದರು. 2018ರ ಮಾರ್ಚಿನಲ್ಲಿ ಕೊನೆಯ ಗಂಡು ಸುಡಾನ್ ಸತ್ತಿತು. ಉಳಿದದ್ದು ನಾಜಿನ್ ಮತ್ತು ಫಾತು, ತಾಯಿ ಮತ್ತು ಮಗಳು. ಇಬ್ಬರಿಗೂ ಗರ್ಭ ಹೊರಲು ಸಾಧ್ಯವಿಲ್ಲ. ಫಾತುವಿನ ಅಂಡಾಣುಗಳಿಂದ ಪ್ರಯೋಗಾಲಯದಲ್ಲಿ 30ಕ್ಕೂ ಹೆಚ್ಚು ಭ್ರೂಣಗಳನ್ನು ಸಿದ್ಧಪಡಿಸಿದ್ದಾರೆ. ಅವನ್ನು ದಕ್ಷಿಣದ ಬಿಳಿ ಘೇಂಡಾಮೃಗದ ಗರ್ಭದಲ್ಲಿ ಬೆಳೆಸುವುದು ಯೋಜನೆ. ವಿಜ್ಞಾನಿಗಳಿಗೆ ಅವಸರ. ಹುಟ್ಟಿದ ಮರಿಗೆ ತನ್ನ ಕುಲದ ನಡೆನುಡಿ ಕಲಿಸಲು ಈ ತಾಯಿ-ಮಗಳು ಬದುಕಿರುವಾಗಲೇ ಅದು ಹುಟ್ಟಬೇಕು.