ಬೆಳೆಯೂ ಅತಿಥಿಯೂ

ಬೆಳೆಯುವವನಿಗೂ ಉಣ್ಣುವವನಿಗೂ ನಡುವೆ ಮಂಡಿ, ದಲಾಲಿ, ಸಾಗಾಣಿಕೆಗಳು ಬಂದು ನಿಂತ ಮೇಲೆ ಬೆಲೆ ಕಟ್ಟುವ ಅಧಿಕಾರ ಒಕ್ಕಲಿಗನ ಕೈತಪ್ಪಿತೆಂಬುದು ಬಹುತೇಕ ಎಲ್ಲ ದೇಶಗಳ ಕೃಷಿಕರ ಸಮಾನ ವ್ಯಥೆ. ಫಸಲನ್ನು ಪೇಟೆಗೆ ಕಳುಹಿಸುವುದಕ್ಕೆ ಬದಲಾಗಿ ಪೇಟೆಯವರನ್ನೇ ಹೊಲಕ್ಕೆ ಬರಮಾಡಿಕೊಳ್ಳುವುದು ಇದಕ್ಕೊಂದು ಉಪಾಯ. ಅದು ಎಷ್ಟರಮಟ್ಟಿಗೆ ಫಲಿಸೀತು, ಕಡೆಗೆ ಎಲ್ಲಿಗೆ ಒಯ್ದೀತು ಎಂಬುದನ್ನು ಅಮೆರಿಕದ ಒಂದು ಕುಟುಂಬದ ಚರಿತ್ರೆಯಿಂದ ತಿಳಿಯಬಹುದು.

ವಾಲ್ಟರ್ ನಾಟ್ ಮತ್ತು ಅವರ ಪತ್ನಿ ಕಾರ್ಡೀಲಿಯಾ 1920ರಲ್ಲಿ ಕ್ಯಾಲಿಫೋರ್ನಿಯದ ಬ್ಯೂನಾ ಪಾರ್ಕ್ ಎಂಬಲ್ಲಿ ಗೇಣಿಗೆ ನೆಲ ಹಿಡಿದು ಬೆರ್ರಿ ಹಣ್ಣಿನ ಕೃಷಿಗೆ ತೊಡಗಿದರು. ಅದು ಬಹು ಮೃದುವಾದ ಹಣ್ಣು. ಕೊಯ್ದ ಬಳಿಕ ದೂರದ ಪಯಣವನ್ನು ತಾಳದು. ಆದುದರಿಂದ ಅವರು ಹೊಲದ ಮಗ್ಗುಲಲ್ಲಿ ಹಾದುಹೋಗುವ ರಸ್ತೆಯ ಅಂಚಿನಲ್ಲೇ ಅಂಗಡಿಯಿಟ್ಟು, ಮೋಟಾರುಗಳಲ್ಲಿ ಸಾಗುವವರಿಗೆ ಹಣ್ಣನ್ನೂ ಅದರಿಂದ ಕಾಸಿದ ಜಾಮನ್ನೂ ಮಾರತೊಡಗಿದರು. ಅನಾಹೈಮ್ ನಗರದ ಉದ್ಯಾನಗಳ ಮೇಲ್ವಿಚಾರಕರಾಗಿದ್ದ ರುಡಾಲ್ಫ್ ಬಾಯ್ಸನ್ ಬೆರ್ರಿಯ ಮಿಶ್ರತಳಿಯೊಂದನ್ನು ಬೆಳೆಸಲೆತ್ನಿಸಿ ಕೈಬಿಟ್ಟಿದ್ದರು. ಒಣಗುತ್ತಿದ್ದ ಆ ಬಳ್ಳಿಗಳನ್ನು ನಾಟ್ ತಂದು ಆರೈಕೆಮಾಡಿ, 1932ರಲ್ಲಿ ಅವುಗಳ ದಪ್ಪ ಹಣ್ಣುಗಳನ್ನು ಮಾರಾಟಕ್ಕಿಟ್ಟು, ಮೂಲಪುರುಷನ ನೆನಪಿಗೆ ‘ಬಾಯ್ಸನ್‌ಬೆರ್ರಿ’ ಎಂದು ಹೆಸರಿಟ್ಟರು.

ಆರ್ಥಿಕ ಮುಗ್ಗಟ್ಟು ದೇಶವನ್ನೆಲ್ಲ ಆವರಿಸಿದ್ದ 1934ರಲ್ಲಿ, ಕಾರ್ಡೀಲಿಯಾ ಕೋಳಿಯನ್ನು ಕರಿದು, ತಮ್ಮ ಮದುವೆಯ ಪಿಂಗಾಣಿ ತಟ್ಟೆಗಳಲ್ಲಿ ಎಂಟು ಮಂದಿಗೆ ಬಡಿಸಿ, ತಲೆಗೆ 65 ಸೆಂಟು ಪಡೆದರು. ರುಚಿಯ ವಾರ್ತೆ ಹಬ್ಬಿ, ಉಣ್ಣಬಂದವರ ಸಾಲು ಬೆಳೆದು, ಗಂಟೆಗಟ್ಟಲೆ ಕಾಯುವ ಜನರಿಗೆ ಹೊತ್ತು ಕಳೆಯಲೆಂದು ನಾಟ್ 1940ರಲ್ಲಿ ಹಳೆಯ ಗಣಿಗಾರರ ಊರೊಂದರ ಪ್ರತಿರೂಪವನ್ನು ಅಲ್ಲಿಯೇ ಕಟ್ಟತೊಡಗಿದರು. ನೆರೆಯ ಅನಾಹೈಮಿನಲ್ಲಿ ಡಿಸ್ನಿಲ್ಯಾಂಡ್ ತೆರೆದದ್ದು ಇದಾದ 15 ವರ್ಷಗಳ ತರುವಾಯ.

ಇಲ್ಲಿ ವಿಚಾರಾರ್ಹವಾದುದು ಬೆಳವಣಿಗೆಯ ಕ್ರಮ. ಹಣ್ಣು ಬಾಳದೆಂದು ಅಂಗಡಿ, ಕೊಂಡವರು ಹಸಿದರೆಂದು ಊಟ, ಉಣ್ಣುವವರು ಕಾಯುವರೆಂದು ವಿನೋದ—ಹೀಗೆ ಪ್ರತಿಯೊಂದು ನೂತನ ವೃತ್ತಿಯೂ ಹಿಂದಿನದರ ಅಗತ್ಯದಿಂದಲೇ ಹುಟ್ಟಿತು. ಬಂಡವಾಳವನ್ನು ಮೊದಲು ಸುರಿದು ಜನರನ್ನು ಆಮೇಲೆ ಹುಡುಕುವ ಸಾಹಸವನ್ನು ಅವರು ಮಾಡಲಿಲ್ಲ. ಆದರೆ ಕೊನೆಗೆ ವಿನೋದವೇ ಯಜಮಾನನಾಯಿತು. 1968ರಲ್ಲಿ ಸುತ್ತ ಬೇಲಿ ಎದ್ದು ಪ್ರವೇಶಶುಲ್ಕ ಬಂದಿತು. 1990ರ ದಶಕದಲ್ಲಿ ಜಾಮಿನ ಉದ್ಯಮ ಒಂದು ಕಂಪನಿಗೂ ವಿನೋದೋದ್ಯಾನ ಇನ್ನೊಂದಕ್ಕೂ ವಿಕ್ರಯವಾದುವು. ಬೆರ್ರಿಯ ಸಾಲುಗಳಿದ್ದ ನೆಲದಲ್ಲಿ ಇಂದು ರೋಲರ್ ಕೋಸ್ಟರುಗಳು ಓಡುತ್ತವೆ. ಸಂಪತ್ತಿನ ಲೆಕ್ಕದಲ್ಲಿ ಇದು ನಿಸ್ಸಂಶಯವಾಗಿ ವಿಜಯ. ಕೃಷಿಯ ಲೆಕ್ಕದಲ್ಲಿ ಹಾಗೆನ್ನಲಾಗದು.

ಅತಿಥಿಸತ್ಕಾರವು ಬೇಸಾಯವನ್ನೇ ನುಂಗುವ ಈ ಅಪಾಯಕ್ಕೆ ಇಟಲಿ ದೇಶ ಶಾಸನದಿಂದಲೇ ಒಡ್ಡು ಕಟ್ಟಿದೆ. ಅತಿಥಿಗಳನ್ನು ಇರಿಸಿಕೊಳ್ಳುವ ಕೃಷಿಕನಿಗೆ ಅಲ್ಲಿ 1985ರ ಕಾನೂನು ಪ್ರತ್ಯೇಕ ಮನ್ನಣೆಯನ್ನಿತ್ತಿತು. ಅದರ ಸ್ಥಾನಕ್ಕೆ ಬಂದ 2006ರ ಕಾನೂನಿನಂತೆ ಬೇಸಾಯವೇ ಪ್ರಧಾನವಾಗಿರತಕ್ಕದ್ದು, ಆ ಪ್ರಾಧಾನ್ಯವನ್ನು ಅಳೆಯುವುದು ದುಡಿಮೆಯ ಕಾಲದಿಂದ. ಹತ್ತು ಮಂದಿಗೆ ಮೀರದಂತೆ ಅತಿಥಿಗಳನ್ನಿಟ್ಟುಕೊಳ್ಳುವ ಸಣ್ಣ ಹಿಡುವಳಿದಾರನು ಈ ಷರತ್ತನ್ನು ಪೂರೈಸಿದನೆಂದೇ ಎಣಿಸಲ್ಪಡುತ್ತಾನೆ. ಬಡಿಸುವ ಅನ್ನಪಾನಗಳಲ್ಲಿ ಗಣನೀಯ ಭಾಗ ಸ್ವಂತ ಹೊಲದ್ದಾಗಿರಬೇಕು. ಮಿಕ್ಕಿದ್ದರಲ್ಲಿಯೂ ಸುತ್ತಮುತ್ತಲ ಸೀಮೆಯ ಬೆಳೆಗೆ ಅಗ್ರಸ್ಥಾನ ಸಲ್ಲಬೇಕು.

ಕೊಡಗಿನ ಕಾಫಿತೋಟಗಳಲ್ಲಿಯೂ ಮಲೆನಾಡಿನ ಅಡಕೆತೋಟಗಳಲ್ಲಿಯೂ ಹೋಂಸ್ಟೇ ನಡೆಸುವ ಮನೆತನಗಳಿಗೆ ಈ ವಿವೇಕ ಪರಕೀಯವಲ್ಲ. ಬಂದವರ ಎಲೆಗೆ ಬೀಳುವ ಕಾಚಂಪುಳಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನುಗಳು ಆ ನೆಲದವೇ ಆಗಿರುವಷ್ಟು ಕಾಲ ಅತಿಥಿಯು ತೋಟವನ್ನು ಸಲಹುವನು. ಅವು ಪೇಟೆಯಿಂದ ಬರತೊಡಗಿದಂದು ಒಕ್ಕಲಿಗನು ಬರಿಯ ಹೋಟೆಲಿನವನಾಗಿ, ಬೆಲೆ ಕಟ್ಟುವ ಅಧಿಕಾರವನ್ನು ಮತ್ತೊಮ್ಮೆ ಪರರಿಗೆ ಒಪ್ಪಿಸಿದಂತಾಗುವುದು.